ಇಬ್ಬರು ಕೂರುವ ಮಗ್ಗ

ಮೊಳಕಾಲ್ಮೂರಿನ ಯರ್ರಮ್ಮನ ಮನೆಯಲ್ಲಿ ಜಗಳ ಕೇಳಿಸಿದರೆ ಓಣಿಯವರು ಬಾಗಿಲಿಗೆ ಬರುತ್ತಿರಲಿಲ್ಲ. ಮಗ್ಗ ನಡೆಯುತ್ತಿದೆ ಎಂದುಕೊಂಡು ತಮ್ಮ ಪಾಡಿಗೆ ತಾವು ಸಾರಿಗೆ ಒಗ್ಗರಣೆ ಹಾಕುತ್ತಿದ್ದರು.

ಗಂಡ ತೀರಿಕೊಂಡ ಮೇಲೆ ಅವನು ಕೂರುತ್ತಿದ್ದ ಮಗ್ಗದ ಗುಣಿಗೆ ತಾನೇ ಕಾಲಿಳಿಸಿ ಕೂತವಳು ಯರ್ರಮ್ಮ. ಹೆಂಗಸು ದೊಡ್ಡ ಅಂಚಿನ ರೇಷ್ಮೆ ಸೀರೆ ನೇಯುವುದುಂಟೆ ಎಂದವರ ಬಾಯಿಗೆ ಬೀಗ ಹಾಕಿದವಳು. ಆದರೆ ಆ ಸೀರೆಯನ್ನು ಒಬ್ಬರೇ ನೇಯಲಾಗದು. ಒಡಲಿನ ಲಾಳಿ ಒಬ್ಬರ ಕೈಯಲ್ಲಿ, ಅಂಚಿನ ಲಾಳಿ ಪಕ್ಕದಲ್ಲಿ ಕೂತ ಇನ್ನೊಬ್ಬರ ಕೈಯಲ್ಲಿ. ಎರಡೂ ಎಳೆಗಳು ಒಂದಕ್ಕೊಂದು ಕೊಂಡಿ ಹಾಕಿಕೊಳ್ಳಬೇಕು. ಈ ಕಡೆಯವರು ಜಗ್ಗಿದಷ್ಟೇ ಆ ಕಡೆಯವರೂ ಜಗ್ಗಬೇಕು.

ಆ ಕಡೆ ಕೂರುತ್ತಿದ್ದವಳು ನಿರ್ಮಲಾ. ತಳಕಿನ ಹತ್ತಿರದ ಕುರಿ ಸಾಕುವವರ ಮನೆಯಿಂದ ಎದುರುಮನೆಗೆ ಸೊಸೆಯಾಗಿ ಬಂದವಳು. ಯರ್ರಮ್ಮನದು ಕಾದ ಎಣ್ಣೆಗೆ ಬಿದ್ದ ಸಾಸಿವೆಯ ಸ್ವಭಾವ. ನಿರ್ಮಲಾ ನಿಧಾನಸ್ಥೆ, ಮಾತು ಮಾತ್ರ ಜಾಲಿಮುಳ್ಳು. ಬೇಗ ಬೇಗ ಎಂದರೆ ಬೇಕೆಂದೇ ತುರುಬು ಬಿಚ್ಚಿ ಕಟ್ಟುವಳು. ಕೋಪ ನೆತ್ತಿಗೇರಿದಾಗ ಯರ್ರಮ್ಮನ ಬಾಯಲ್ಲಿ ತೆಲುಗು ಬರುತ್ತಿತ್ತು. "ನೋರು ಮುಯ್ಯವೇ" ಎಂದು ಬಾಯಿ ಮುಚ್ಚಿಸಲು ಹೋದರೆ ನಿರ್ಮಲಾ ಕನ್ನಡದಲ್ಲಿ ಅದರ ಎರಡರಷ್ಟು ತಿರುಗಿಸಿ ಕೊಡುತ್ತಿದ್ದಳು.

ಹೋದ ವರ್ಷ, ರೇಷ್ಮೆ ಕೊಟ್ಟು ನೇಯಿಸಿಕೊಳ್ಳುವ ಸಾಹುಕಾರ ಗೋವರ್ಧನ ತನ್ನ ಮಗಳು ಸೌಂದರ್ಯಳ ಧಾರೆ ಸೀರೆಯನ್ನು ಈ ಮಗ್ಗಕ್ಕೆ ವಹಿಸಿದ. ಜತೆಗೆ ಒಂದು ಮಾತನ್ನೂ ಇಟ್ಟ. ಇಬ್ಬರು ಕೂತು ನೇಯುವ ಸೀರೆಯ ಉಸಾಬರಿ ತನಗೆ ಸಾಕಾಗಿದೆ, ಈ ಸಲ ಅಂಚು ಕೆಟ್ಟರೆ ಇಲ್ಲಿಗೆ ರೇಷ್ಮೆ ನಿಂತಿತು, ಇನ್ನೆಲ್ಲ ಮೆಷಿನ್ ಮಗ್ಗಕ್ಕೇ ಎಂದ. ಮಗ್ಗದ ಗುಣಿ ಬಿಟ್ಟರೆ ಯರ್ರಮ್ಮನಿಗೆ ಕೂರಲು ಬೇರೆ ಜಾಗವೇ ಗೊತ್ತಿರಲಿಲ್ಲ.

ಅದೇ ವಾರ ಇನ್ನೊಂದು ಸುದ್ದಿ ಕಿವಿಗೆ ಬಿತ್ತು. ನಿರ್ಮಲಾಗೆ ಕುದಾಪುರದ ಕಡೆ ದೊಡ್ಡ ಸಂಸ್ಥೆಯೊಂದರ ಕ್ಯಾಂಟೀನಿನಲ್ಲಿ ಕೆಲಸ ಸಿಕ್ಕಿದೆಯಂತೆ. ಒಂದು ಮಾತು ಬೈದರೂ ಇವಳು ನಾಳೆಯೇ ಬಸ್ಸು ಹತ್ತುತ್ತಾಳೆ ಎಂದು ಯರ್ರಮ್ಮ ನಾಲಗೆ ಕಚ್ಚಿ ಹಿಡಿದಳು. ಲಾಳಿ ತಡವಾದರೂ ಪರವಾಗಿಲ್ಲ ಕಣಮ್ಮ ಎಂದಳು. ವಿಚಿತ್ರವೆಂದರೆ ನಿರ್ಮಲಾಳೂ ಬೆಣ್ಣೆಯಾಗಿದ್ದಳು. ಏನು ಹೇಳಿದರೂ ನೀವು ಹೇಳಿದಂಗೇ ಆಗಲಿ ಯರ್ರಕ್ಕ ಎನ್ನುವಳು. ಅದನ್ನು ಕೇಳಿ ಯರ್ರಮ್ಮನ ಭಯ ಇನ್ನೂ ಹೆಚ್ಚಿತು. ಬಿಟ್ಟು ಹೋಗುವವರೇ ಹೀಗೆ ಇದ್ದಕ್ಕಿದ್ದಂತೆ ಒಳ್ಳೆಯವರಾಗುವುದು.

ರೇಷ್ಮೆ ಸುತ್ತಿಕೊಡುವ ಮುದುಕಿ ತಿಪ್ಪೇರುದ್ರಮ್ಮ ಒಂದು ಮಧ್ಯಾಹ್ನ ಹೊಸ್ತಿಲಿಗೆ ಬಂದು ಇಣುಕಿದಳು. ಮಾತೇ ಕೇಳಿಸದ್ದಕ್ಕೆ ಯಾರೋ ತೀರಿಕೊಂಡರೆಂದು ಓಡಿ ಬಂದಿದ್ದಳಂತೆ.

ಮೊಳದಷ್ಟು ನೇಯ್ದ ಮೇಲೆ ಯರ್ರಮ್ಮ ಬಗ್ಗಿ ನೋಡಿದಳು. ಒಡಲೂ ಅಂಚೂ ಸೇರುವಲ್ಲಿ ಉದ್ದಕ್ಕೂ ಸಂದು, ಹಲ್ಲುದುರಿದ ಬಾಯಿಯ ಹಾಗೆ.

"ನಂದೇ ತಪ್ಪು," ಎಂದಳು ಮೆತ್ತಗೆ.

"ಇಲ್ಲ ಯರ್ರಕ್ಕ, ನಂದೇ."

"ನಂದು ಅಂದ್ನಲ್ಲ."

"ಸಡ್ಲ ಬಿಟ್ಟೋಳು ನಾನು. ನಂಗೊತ್ತಿಲ್ವಾ?"

"ಗೊತ್ತಿದ್ದೂ ಯಾಕೆ ಬಿಟ್ಟೆ? ಕುದಾಪುರಕ್ಕೆ ಹೋಗೋಳಿಗೆ ಈ ಅಂಚು ಏನಾದ್ರೇನು, ಅಲ್ವೇನೇ?"

ಮಾತು ಜಾರಿಹೋಗಿತ್ತು. ನಿರ್ಮಲಾ ಲಾಳಿ ಕೆಳಗಿಟ್ಟಳು. ಆ ಕೆಲಸ ಸಿಕ್ಕಿದ ದಿನವೇ ಬೇಡವೆಂದು ಹೇಳಿ ಕಳಿಸಿದ್ದಳಂತೆ.

"ಅಲ್ಲಿ ಎಲ್ರೂ ಸಾರ್, ಮೇಡಂ ಅಂತ ನಯವಾಗಿ ಮಾತಾಡ್ತಾರಂತೆ. ನಂಗೆ ಹೊತ್ತು ಹೋಗ್ಬೇಕಲ್ಲ?"

"ಮತ್ತೆ ಇಷ್ಟು ದಿನ ಎಲ್ಲದಕ್ಕೂ ಹೂಂ ಹೂಂ ಅಂತಿದ್ಯಲ್ಲ, ಯಾಕೆ?"

"ಆವತ್ತು ಆಸ್ಪತ್ರೇಲಿ ಡಾಕ್ಟ್ರು ನಿಮಗೆ ಹೇಳಿದ್ದು ನಾನೂ ಕೇಳಿಸ್ಕಂಡೆ. ನಿಮಗೆ ಬಿಪಿ ಜಾಸ್ತಿ ಐತಂತೆ. ಬಾಯಿಗೆ ಬಾಯಿ ಕೊಟ್ಟು ಯರ್ರಕ್ಕನ್ನ ಕೊಂದ್ಲು ಅಂತ ಊರೋರ ಕೈಲಿ ಅನ್ನಿಸ್ಕೊಳ್ಳಲಾ?"

"ನೋರು ಮುಯ್ಯವೇ. ಬಿಪಿಗೆ ಮಾತ್ರೆ ಐತೆ. ಸಡ್ಲ ಅಂಚಿಗೆ ಯಾವ ಮಾತ್ರೆ ಐತೆ?"

ನಿರ್ಮಲಾ ನಕ್ಕಳು. ಯರ್ರಮ್ಮ ನಗಲಿಲ್ಲ, ಆದರೆ ಎದೆಯ ಮೇಲಿನ ಕಲ್ಲು ಇಳಿಯಿತು. ಅವಳು ಜಗ್ಗಲಿ ಎಂದು ಇವಳು, ಇವಳು ಜಗ್ಗಲಿ ಎಂದು ಅವಳು, ಇಷ್ಟು ದಿನ ಒಬ್ಬರಿಗೊಬ್ಬರು ಸೋತುಕೊಡುತ್ತಾ ಕೂತಿದ್ದರು. ಅಂಚನ್ನು ಬಿಗಿಯುವವರೇ ಇರಲಿಲ್ಲ.

ಕೆಟ್ಟದ್ದನ್ನೆಲ್ಲ ಬಿಚ್ಚಿದರು, ಈ ಎಳೆ ನಿಂದು, ಆ ಎಳೆ ನಿಂದು ಎಂದು ಕಿತ್ತಾಡುತ್ತಲೇ. ಮತ್ತೆ ಶುರುವಾದಾಗ ಯರ್ರಮ್ಮ ಸಿಟ್ಟಿನಿಂದ ಜಗ್ಗಿದಳು, ನಿರ್ಮಲಾ ಹಟದಿಂದ ಜಗ್ಗಿದಳು. ಅಂಚು ಒಡಲನ್ನು ಹುಟ್ಟಿನಿಂದಲೇ ಜತೆಗಿದ್ದಂತೆ ಕಚ್ಚಿಕೊಂಡಿತು. ಓಣಿಯವರು ಬಹಳ ದಿನಗಳ ಮೇಲೆ ನೆಮ್ಮದಿಯಾಗಿ ಉಂಡರು.

ಮದುವೆ ಚಳ್ಳಕೆರೆಯ ಕಲ್ಯಾಣ ಮಂಟಪದಲ್ಲಿ. ಧಾರೆ ಮುಗಿದ ಮೇಲೆ ಗೋವರ್ಧನ ನೆಂಟರೆದುರಿಗೇ ಮಗಳ ಸೆರಗಿನ ಅಂಚನ್ನು ಎರಡು ಹೆಬ್ಬೆರಳಿನಿಂದ ಹಿಂಜಿ ಹಿಂಜಿ ನೋಡಿದ. ಸಂದು ಸಿಗಲಿಲ್ಲ. ನಾಡಿದ್ದು ಬಂದು ಎರಡು ಸೀರೆಗೆ ರೇಷ್ಮೆ ಒಯ್ಯಿರಿ, ಈ ಅಂಚು ಬೇರೆ ಯಾರಿಗೂ ಕೊಡುವುದಿಲ್ಲ ಎಂದು ಗಟ್ಟಿಯಾಗಿಯೇ ಹೇಳಿದ. ಯರ್ರಮ್ಮ ಮದುಮಗಳ ಭುಜ ಹಿಡಿದು, ಎಲ್ಲರಿಗೂ ಕಾಣಲಿ ತಿರುಗು ತಾಯಿ ಎಂದು ಒಂದು ಸುತ್ತು ತಿರುಗಿಸಿಯೇ ಬಿಟ್ಟಳು.

"ಜನ ನೋಡ್ತಿರೋದು ಅಂಚನ್ನ," ಎಂದಳು ನಿರ್ಮಲಾ ಪಕ್ಕದಿಂದ.

"ಒಡಲಿಲ್ದಿದ್ರೆ ನಿನ್ನ ಅಂಚು ಎಲ್ಲಿ ನಿಲ್ಲುತ್ತೇ, ಗಾಳೀಲಾ?"

ಊಟದ ಎಲೆಯ ಮುಂದೆಯೂ ಅದೇ ಮಾತು, ಮೊಳಕಾಲ್ಮೂರಿನ ಬಸ್ಸಿನಲ್ಲೂ ಅದೇ ಮಾತು. ಕಂಡಕ್ಟರು ಬೇರೆ ಬೇರೆ ಸೀಟಿನಲ್ಲಿ ಕೂರಿ ಎಂದು ಹೇಳಿ ನೋಡಿದ. ಇಬ್ಬರೂ ಒಟ್ಟಿಗೇ ಅವನ ಕಡೆ ತಿರುಗಿದರು. ಅವನು ಸುಮ್ಮನೆ ಮುಂದಿನ ಬಾಗಿಲಿಗೆ ಹೋಗಿ ನಿಂತುಕೊಂಡ.