ಹೊಸಿಲಾಚೆಯ ಬೂಟು

ಬೆಂಗಳೂರಿನಲ್ಲಿ ಬೆಚ್ಚನೆಯ ಬೂಟು ಹುಡುಕಿಕೊಂಡು ಹೊರಟವರನ್ನು ಜನ ನೋಡುವ ರೀತಿಯೇ ಬೇರೆ. ಜಯನಗರ ನಾಲ್ಕನೇ ಬ್ಲಾಕಿನ ಅಂಗಡಿಯೊಂದರಲ್ಲಿ ನಾನು ಒಳಗೆ ಉಣ್ಣೆಯಿರುವ ಬೂಟು ಬೇಕೆಂದಾಗ, ತಲೆ ನರೆತ ಸೇಲ್ಸ್‌ಮನ್ ಕನ್ನಡಕ ಏರಿಸಿಕೊಂಡು ನನ್ನನ್ನೊಮ್ಮೆ, ಹೊರಗಿನ ಬಿಸಿಲನ್ನೊಮ್ಮೆ ನೋಡಿದರು.

"ಕಾಶ್ಮೀರ ಟೂರಾ ಮೇಡಂ?"

"ಇಲ್ಲ, ಉತ್ತರಹಳ್ಳಿಯಿಂದ ಇಲ್ಲಿಗೆ. ದಿನಾ ಬೆಳಗ್ಗೆ, ಸೈಕಲ್ಲಲ್ಲಿ."

ಪಾಪ, ಆತ ನಗಲಿಲ್ಲ. ನಗು ನುಂಗಿಕೊಂಡು ಒಳಗೆ ಹೋಗಿ, ಮಳೆಗಾಲಕ್ಕೆ ತರಿಸಿ ಉಳಿದಿದ್ದ ರಬ್ಬರಿನ ಗಮ್‌ಬೂಟು ತಂದಿಟ್ಟರು. ಹಾಕಿ ನೋಡಿದೆ. ಎರಡೇ ನಿಮಿಷಕ್ಕೆ ಅಂಗಾಲು ಬೆವರಿತು. ಬೆವರಿದ ಕಾಲಿಗೆ ಗಾಳಿ ಬಡಿದರೆ ಚಳಿ ಇನ್ನೂ ಜಾಸ್ತಿ ಎಂಬಷ್ಟು ತಿಳಿವಳಿಕೆ ಅಷ್ಟು ಹೊತ್ತಿಗೆ ನನಗೆ ಬಂದಿತ್ತು.

ನಾನು ಜಯನಗರದ ಒಂದು ಲ್ಯಾಬಿನಲ್ಲಿ ರಕ್ತ ತೆಗೆಯುವವಳು. ಖಾಲಿ ಹೊಟ್ಟೆಯಲ್ಲಿ ಬರುವವರಿಗಾಗಿ ಬೆಳಗ್ಗೆ ಆರೂವರೆಗೆ ಬಾಗಿಲು ತೆಗೆಯಬೇಕು. ಐದೂವರೆಗೆ ಮನೆ ಬಿಟ್ಟರೆ ಅವಸರವಿಲ್ಲದೆ ತುಳಿದುಕೊಂಡು ಬರಬಹುದು. ಮನೆಯಲ್ಲಿ ಸ್ಕೂಟರ್ ಇಲ್ಲವೆಂದಲ್ಲ, ಬಸ್ಸೂ ಸಿಗುತ್ತದೆ. ಆದರೆ ದಾರಿಯ ಆ ಮುಕ್ಕಾಲು ಗಂಟೆ ನನ್ನದು. ಅಷ್ಟು ಹೊತ್ತು ನಾನು ಯಾರ ಹೆಂಡತಿಯೂ ಅಲ್ಲ, ಯಾರ ಸೊಸೆಯೂ ಅಲ್ಲ, ಯಾರ ತೋಳಿಗೂ ಸೂಜಿ ಚುಚ್ಚಬೇಕಾಗಿಲ್ಲ. ಡಿಸೆಂಬರಿನಲ್ಲಂತೂ ಊರು ಇನ್ನೂ ಅರೆನಿದ್ದೆಯಲ್ಲಿರುತ್ತದೆ. ಮಂಜಿನಲ್ಲಿ ಕಂಬಗಳು ಮಾಯವಾಗಿ ಬೀದಿದೀಪಗಳಷ್ಟೇ ತೇಲುತ್ತಿರುತ್ತವೆ. ಪದ್ಮನಾಭನಗರದ ಇಳಿಜಾರಿನಲ್ಲಿ ಪೆಡಲ್ ತುಳಿಯುವುದನ್ನು ಬಿಟ್ಟು ಸುಮ್ಮನೆ ಕೂತರೆ, ನಾನು ನಿಂತಲ್ಲೇ ಇದ್ದೇನೆ, ರಸ್ತೆಯೇ ನನ್ನ ಕೆಳಗಿನಿಂದ ಹಿಂದಕ್ಕೆ ಹರಿಯುತ್ತಿದೆ ಅನ್ನಿಸುತ್ತದೆ. ಬನಶಂಕರಿಯ ಹತ್ತಿರ ಸೇವಂತಿಗೆ ಮೂಟೆ ಇಳಿಸುವವರ ಮಾತು ಕೇಳುತ್ತದೆ, ಮುಖ ಕಾಣುವುದಿಲ್ಲ. ಹೂವಿನ ವಾಸನೆ ಒಂದಷ್ಟು ದೂರ ಜೊತೆಗೆ ಬಂದು ಹಿಂದೆ ಉಳಿಯುತ್ತದೆ. ಲ್ಯಾಬಿನ ಬೀಗ ತೆಗೆಯುವಾಗ ದಾರಿಯಲ್ಲಿ ಯಾವ ಯಾವ ಸಿಗ್ನಲ್ ದಾಟಿದೆನೆಂದು ಎಷ್ಟೋ ದಿನ ನೆನಪೇ ಇರುವುದಿಲ್ಲ. ಆ ಮುಕ್ಕಾಲು ಗಂಟೆಯನ್ನು ಬಿಟ್ಟುಕೊಡುವುದು ನನ್ನಿಂದಾಗದು.

ಎರಡು ವರ್ಷದ ಹಿಂದಿನ ಡಿಸೆಂಬರಿನಲ್ಲಿ ಕಾಲಿನ ಬೆರಳುಗಳು ಕೈಕೊಟ್ಟವು. ಲ್ಯಾಬಿಗೆ ಬಂದು ಕ್ಯಾನ್ವಾಸ್ ಶೂ ಬಿಚ್ಚಿದರೆ ಬೆರಳುಗಳು ಬೆಳ್ಳಗೆ, ಒಂದು ಹನಿ ರಕ್ತವಿಲ್ಲದ ಹಾಗೆ. ಮುಟ್ಟಿದರೆ ಬೇರೆ ಯಾರದೋ ಬೆರಳು ಮುಟ್ಟಿದಂತೆ. ಸ್ವಲ್ಪ ಹೊತ್ತಿಗೆ ನೀಲಿಯಾದವು, ಆಮೇಲೆ ಕೆಂಪಾದವು, ಕೆಂಪಾಗುವಾಗಿನ ನೋವಿಗೆ ನಾನು ಕುರ್ಚಿಯ ಕೈ ಹಿಡಿದುಕೊಂಡು ಹಲ್ಲು ಕಚ್ಚಿದೆ. ದಿನಾ ಬೇರೆಯವರಿಗೆ "ಏನೂ ಆಗಲ್ಲ, ಇರುವೆ ಕಚ್ಚಿದ ಹಾಗೆ ಅಷ್ಟೆ" ಎನ್ನುವವಳಿಗೆ ತಕ್ಕ ಶಾಸ್ತಿ. ಲ್ಯಾಬಿನ ಡಾಕ್ಟರ್ ನೋಡಿ, ಕೆಲವರಿಗೆ ಸ್ವಲ್ಪ ಚಳಿಗೇ ಬೆರಳಿನ ರಕ್ತನಾಳಗಳು ಮುದುಡಿಕೊಳ್ಳುತ್ತವೆ, ಹೀಗೇ ಬಿಟ್ಟರೆ ಹುಣ್ಣಾಗಬಹುದು ಎಂದರು.

"ಕಾಲು ಬೆಚ್ಚಗಿಟ್ಕೊಳ್ಳಿ. ಆಗಲ್ಲ ಅಂದ್ರೆ ಚಳಿಗಾಲದಲ್ಲಿ ಸೈಕಲ್ ಬೇಡ."

ಮನೆಯಲ್ಲಿ ಹೇಳಿದ್ದೇ ತಡ, ನನ್ನ ಗಂಡ ತೀರ್ಪು ಕೊಟ್ಟರು. "ಸೈಕಲ್ ಮಾರ್ಬಿಡು. ಮೊದ್ಲಿಂದ ಹೇಳ್ತಾನೇ ಇದೀನಿ, ಸ್ಕೂಟರ್ ತಗೊಂಡ್ ಹೋಗು ಅಂತ."

"ಒಂದು ಒಳ್ಳೆ ಬೂಟ್ ತಗೊಂಡು ನೋಡ್ತೀನಿ ರೀ. ಅದರಲ್ಲೂ ಆಗಲಿಲ್ಲ ಅಂದ್ರೆ ನಾನೇ ಮಾರ್ತೀನಿ."

ಮಾತು ಕೊಟ್ಟಾಯಿತು. ಕೊಟ್ಟ ಮೇಲೆ ಭಯವಾಯಿತು.

ಅಲ್ಲಿಂದ ಮುಂದೆ ನನ್ನ ಫೋನಿನ ತುಂಬ ಬೂಟುಗಳೇ. ಯಾವುದೋ ದೇಶದಲ್ಲಿ ಹಿಮ ಬಿದ್ದ ರಸ್ತೆಯಲ್ಲಿ ಜನ ಸೈಕಲ್ ತುಳಿದು ಆಫೀಸಿಗೆ ಹೋಗುವ ವಿಡಿಯೊಗಳನ್ನು ಮಧ್ಯಾಹ್ನ ಊಟದ ಹೊತ್ತಿನಲ್ಲಿ ನೋಡುತ್ತಿದ್ದೆ. ಅವರ ಮುಖ ತೋರಿಸುವುದಿಲ್ಲ, ಕಾಲು ಮಾತ್ರ. ದಪ್ಪ ಅಟ್ಟೆಯ, ಹಿಮ್ಮಡಿಯಲ್ಲಿ ಬೆಳಕಿಗೆ ಹೊಳೆಯುವ ಪಟ್ಟಿಯಿರುವ ಬೂಟುಗಳು ಬಿಳಿಯ ಮೇಲೆ ಏರುತ್ತ ಇಳಿಯುತ್ತ ಇರುತ್ತಿದ್ದವು. ಒಂದು ಸಲ ಹಾಗೇ ತೂಕಡಿಸಿದಾಗ ಕನಸು ಬಿತ್ತು: ಉತ್ತರಹಳ್ಳಿ ಮುಖ್ಯರಸ್ತೆಯ ಮೇಲೆಲ್ಲ ಹಿಮ, ಸೇವಂತಿಗೆಯವರು ಹಿಮದ ಮೇಲೇ ಮೂಟೆ ಬಿಚ್ಚಿದ್ದಾರೆ, ನಾನು ಬರಿಗಾಲಲ್ಲಿ ಪೆಡಲ್ ತುಳಿಯುತ್ತಿದ್ದೇನೆ, ಚಳಿಯೇ ಇಲ್ಲ. ಎಚ್ಚರವಾದಾಗ ತಟ್ಟೆಯಲ್ಲಿ ಚಿತ್ರಾನ್ನ ಒಣಗಿತ್ತು.

ಎಚ್ಚರದಲ್ಲಿ ಮಾಡಿದ್ದು ಮಾತ್ರ ಬರೀ ಎಡವಟ್ಟು. ಮೊದಲು ಹಳೆಯ ಶೂವಿನೊಳಗೇ ಮೂರು ಜೊತೆ ಕಾಲುಚೀಲ ತುರುಕಿ ನೋಡಿದೆ, ಬೆರಳುಗಳು ಇನ್ನೂ ಬೇಗ ಮರಗಟ್ಟಿದವು. ಆಮೇಲೆ ಚಾರಣಕ್ಕೆ ಹೋಗುವವರ ಬೂಟನ್ನು ಗೆಳತಿಯೊಬ್ಬಳಿಂದ ಎರವಲು ತಂದೆ. ಅದರಲ್ಲಿ ಬೆಟ್ಟ ಹತ್ತಬಹುದೇನೋ, ಪಾದದ ಕೀಲು ಬಗ್ಗುವುದಿಲ್ಲವಾದ್ದರಿಂದ ಪೆಡಲ್ ತುಳಿಯಲಾಗದು. ಅದರ ಉದ್ದನೆಯ ಲೇಸು ಚೈನಿಗೆ ಸಿಕ್ಕಿ, ಕದಿರೇನಹಳ್ಳಿಯ ಹತ್ತಿರ ರಸ್ತೆಯಂಚಿನಲ್ಲಿ ಒಂಟಿ ಕಾಲಿನ ಕೊಕ್ಕರೆಯಂತೆ ನಿಂತು ಬಿಡಿಸಿಕೊಂಡೆ.

ಕೊನೆಗೆ ಬೂಟು ಸಿಕ್ಕಿದ್ದು ಜೆ.ಪಿ. ನಗರದ ಸೈಕಲ್ ಅಂಗಡಿಯಲ್ಲಿ. ಅದರ ಮಾಲೀಕ ನನ್ನ ವಯಸ್ಸಿನವರೇ, ಉಗುರಿನ ಸಂದಿಯಲ್ಲಿ ಸದಾ ಗ್ರೀಸು. ನನ್ನ ಮೂರು ಕಾಲುಚೀಲದ ಸಾಹಸ ಕೇಳಿ ತಲೆ ಚಚ್ಚಿಕೊಂಡರು.

"ಬಿಗಿಯಾದ್ರೆ ರಕ್ತ ಹೆಂಗೆ ಓಡತ್ತೆ ಅಕ್ಕ? ಒಂದೇ ಜೊತೆ ಉಣ್ಣೆ ಕಾಲ್ಚೀಲ ಸಾಕು. ಬೆರಳು ಒಳಗೆ ಆಟ ಆಡ್ಬೇಕು. ಕಾಲು ಬೆಚ್ಚಗಿಡೋದು ಬಟ್ಟೆ ಅಲ್ಲ, ಒಳಗಿರೋ ಗಾಳಿ."

ಹಿಮಾಲಯಕ್ಕೆ ಸೈಕಲ್ಲಲ್ಲಿ ಹೋಗುತ್ತೇನೆಂದು ಯಾರೋ ತರಿಸಿ, ಆಮೇಲೆ ಮನಸ್ಸು ಬದಲಿಸಿ ಬಿಟ್ಟುಹೋದ ಒಂದು ಜೊತೆ ಅವರ ಅಟ್ಟದ ಮೇಲಿತ್ತು. ನನ್ನ ಅಳತೆಗಿಂತ ಒಂದು ಸೈಜು ದೊಡ್ಡದು. ಕಪ್ಪು ಬಣ್ಣ, ಪಾದದ ಕೀಲು ಮುಚ್ಚುವಷ್ಟು ಎತ್ತರ, ಲೇಸಿನ ಬದಲು ಜಿಪ್ಪು, ಗಾಳಿ ನುಗ್ಗದ ಹೊರಮೈ, ಒಳಗೆ ಕುರಿಮರಿಯ ಮೈಯಂಥ ಮೆತ್ತೆ. ಅಂಗಡಿಯ ನಡುವೆ ಸ್ಟ್ಯಾಂಡ್ ಹಾಕಿದ ಸೈಕಲ್ಲಿನ ಮೇಲೆ ಕೂರಿಸಿ ನನ್ನಿಂದ ಹಿಂದಕ್ಕೆ ಮುಂದಕ್ಕೆ ತುಳಿಸಿದರು. ಎಲ್ಲೂ ತಾಗಲಿಲ್ಲ, ಉಜ್ಜಲಿಲ್ಲ. ಬೆರಳುಗಳು ಒಳಗೆ ಕತ್ತಲಲ್ಲಿ ಹಾಯಾಗಿ ಆಡಿಕೊಂಡಿದ್ದವು. ನಾನು ಇಳಿಯಲು ಮನಸ್ಸಿಲ್ಲದೆ ಸುಮ್ಮನೆ ಇನ್ನೊಂದಷ್ಟು ತುಳಿದೆ.

ಮೊದಲ ದಿನ ಹೊರಟಾಗ ಗೆದ್ದೇಬಿಟ್ಟೆ ಅಂದುಕೊಂಡಿದ್ದೆ. ಲ್ಯಾಬಿಗೆ ಬಂದು ಜಿಪ್ಪು ಎಳೆದರೆ ಬೆರಳುಗಳು ಮತ್ತೆ ಬೆಳ್ಳಗೆ. ಎರಡನೆಯ ದಿನವೂ ಅದೇ. ಮೂರನೆಯ ದಿನ ಬೂಟಿನೊಳಗೆ ಕಾಲಿಡುವ ಮೊದಲು ಯಾಕೋ ಕೈ ಹಾಕಿ ನೋಡಿದೆ. ಒಳಗಿನ ಮೆತ್ತೆ ಮಡಕೆಯ ನೀರಿನಷ್ಟು ತಣ್ಣಗಿತ್ತು. ಆಗ ಹೊಳೆಯಿತು. ನಮ್ಮ ಮನೆಯಲ್ಲಿ ಪಾದರಕ್ಷೆ ಹೊಸಿಲು ದಾಟುವುದಿಲ್ಲ. ಎಲ್ಲರ ಚಪ್ಪಲಿಯೂ ಅಂಗಳದ ಸ್ಟ್ಯಾಂಡಿನಲ್ಲಿ, ಇಬ್ಬನಿಯಲ್ಲಿ. ರಾತ್ರಿಯೆಲ್ಲ ಚಳಿ ಕುಡಿದ ಬೂಟು ಆ ಚಳಿಯನ್ನೇ ಭದ್ರವಾಗಿ ಹಿಡಿದಿಟ್ಟು ಬೆಳಗ್ಗೆ ನನ್ನ ಕಾಲಿಗೆ ಕೊಡುತ್ತಿತ್ತು. ಕೆಲಸದಲ್ಲಿ ಅದರದ್ದೇನೂ ತಪ್ಪಿರಲಿಲ್ಲ.

ಒಳಗೆ ತಂದಿಟ್ಟರೆ ಮುಗಿಯಿತಲ್ಲ ಎಂದು ಯಾರಾದರೂ ಕೇಳಬಹುದು. ಅಂಥವರು ನಮ್ಮ ಅತ್ತೆಯನ್ನು ನೋಡಿಲ್ಲ. ಈಗ ಬಾಡಿಗೆ ಮನೆಗಳು ಎದ್ದಿರುವ ನಮ್ಮ ಜಾಗದಲ್ಲಿ ಒಂದು ಕಾಲಕ್ಕೆ ರಾಗಿ ಬೆಳೆದವರು ಅವರು. ಅರ್ಧ ಆಯುಸ್ಸು ಬರಿಗಾಲಲ್ಲೇ ಓಡಾಡಿದವರು. ಬೂಟು, ಸ್ಯಾಂಡಲ್, ಹವಾಯಿ ಎಲ್ಲಕ್ಕೂ ಅವರ ಬಾಯಲ್ಲಿ ಒಂದೇ ಹೆಸರು, ಎಕ್ಕಡ. ನಸುಕಿನಲ್ಲಿ ಎದ್ದು, ಮೊದಲು ಮಿಂದು, ಆಮೇಲೆ ಬೇರೆ ಮಾತು. ಸೊಂಟ ನೋಯುತ್ತಿದ್ದರೂ ಹೊಸಿಲು ತೊಳೆದು ಅರಿಸಿನ ಬಳಿಯುವ ಕೆಲಸ ಇನ್ನೊಬ್ಬರಿಗೆ ಬಿಟ್ಟುಕೊಟ್ಟವರಲ್ಲ. ಅವರಿಗೆ ಅದು ಮರದ ತುಂಡಲ್ಲ, ಲಕ್ಷ್ಮಿ. ಅದನ್ನು ದಾಟಿ ಎಕ್ಕಡ ತರುತ್ತೇನೆಂದು ಕೇಳಲು ನನಗೆ ಬಾಯಿ ಬರಲಿಲ್ಲ.

ಕೇಳುವ ಧೈರ್ಯವಿಲ್ಲದವರು ಮಾಡುವುದನ್ನೇ ಮಾಡಿದೆ. ಸಂಜೆ ಬೂಟನ್ನು ಬಟ್ಟೆ ಚೀಲಕ್ಕೆ ಹಾಕಿ, ತರಕಾರಿ ತಂದವಳಂತೆ ಒಳಗೆ ತಂದು ಮಂಚದ ಕೆಳಗೆ ಇಟ್ಟೆ. ಬೆಳಗ್ಗೆ ಅದೇ ಚೀಲ ಹಿಡಿದು ಹೊರಗೆ ಹೋಗಿ ಗೇಟಿನ ಹತ್ತಿರ ಬೂಟು ಹಾಕಿಕೊಂಡೆ. ಕೆಲಸ ಮಾಡಿತು! ಯಡಿಯೂರು ಕೆರೆಯ ಮೇಲೆ ಹೊಗೆಯಂತೆ ಮಂಜು ಏಳುತ್ತಿತ್ತು. ನನ್ನ ಕಾಲುಗಳು ಇನ್ನೂ ಕಂಬಳಿಯೊಳಗೇ ಇದ್ದವು, ಮಿಕ್ಕ ನಾನು ಮಾತ್ರ ಹೊರಗೆ ಬಂದಿದ್ದೆ. ಹೀಗೆ ಕಳೆದ ಮೂರು ದಿನ ತುಳಿದದ್ದು ಸೈಕಲ್ಲೋ ನಿದ್ದೆಯೋ ಹೇಳಲಾರೆ. ಆದರೆ ಹೊರಡುವಾಗ, ಬಗ್ಗಿ ಅರಿಸಿನ ಬಳಿಯುತ್ತಿದ್ದ ಅತ್ತೆ ನನಗೆ ದಾರಿ ಬಿಡಲೆಂದು ಕಷ್ಟಪಟ್ಟು ಪಕ್ಕಕ್ಕೆ ಸರಿಯುತ್ತಿದ್ದರಲ್ಲ, ಆಗ ಕೈಯಲ್ಲಿನ ಚೀಲ ಮಣಭಾರವಾಗುತ್ತಿತ್ತು.

ಸಿಕ್ಕಿಬಿದ್ದದ್ದು ಅವರೆಕಾಯಿಯಿಂದ. ಆ ಮೂರನೆಯ ದಿನ ಸಂಜೆ, ಸುಲಿಯಲು ಅವರೆಕಾಯಿ ಹುಡುಕುತ್ತಿದ್ದ ಅತ್ತೆ ಮಂಚದ ಕೆಳಗಿನ ಚೀಲ ಎಳೆದು ಕೈ ಹಾಕಿದರು.

"ಅವರೆಕಾಯಿ ಅಂತ ಕೈ ಆಕಿದ್ನಲ್ಲವ್ವ! ಎಕ್ಕಡ!"

ನಾನು ತಡಬಡಿಸುತ್ತ ಬೆರಳಿನ ಕಥೆ, ಡಾಕ್ಟರ್ ಹೇಳಿದ್ದು, ಎಲ್ಲ ಹೇಳಿದೆ. ಅವರು ಕೇಳಿಸಿಕೊಂಡರು. "ಒಸ್ಲು ಒಸ್ಲೇ ಕಣವ್ವ" ಎಂದಷ್ಟೇ ಹೇಳಿ, ಹಿತ್ತಲ ಬಚ್ಚಲಿಗೆ ಹೋಗಿ ಆ ಚಳಿಯಲ್ಲಿ ಇನ್ನೊಂದು ಸಲ ತಲೆಗೆ ನೀರು ಹಾಕಿಕೊಂಡು ಬಂದರು. ಬೈದಿದ್ದರೆ ವಾಸಿಯಿತ್ತು. ನನಗೆ ನನ್ನ ಮೇಲೇ ಅಸಹ್ಯವಾಯಿತು. ಬೂಟನ್ನು ಸ್ಟ್ಯಾಂಡಿಗೆ ಇಟ್ಟೆ.

ಮಾರನೆಯ ಬೆಳಗ್ಗೆ ಪದ್ಮನಾಭನಗರ ಮುಟ್ಟುವಷ್ಟರಲ್ಲಿ ಎಡಗಾಲು ಪೆಡಲಿನ ಮೇಲಿದೆಯೋ ಇಲ್ಲವೋ ಗೊತ್ತಾಗಲಿಲ್ಲ. ಒಮ್ಮೆ ಜಾರಿತು. ಬೀಳಲಿಲ್ಲ, ಆದರೆ ಹೆದರಿಬಿಟ್ಟೆ. ಇಳಿದು, ತಡವಾಗುತ್ತದೆಂದು ಲ್ಯಾಬಿಗೆ ಫೋನ್ ಮಾಡಿ, ಸೈಕಲ್ ತಳ್ಳಿಕೊಂಡು ವಾಪಸು ನಡೆದೆ. ಸುತ್ತ ಬೆಳಕಾಗುತ್ತಿತ್ತು, ಮಂಜು ಸುಮ್ಮನೆ ಕರಗುತ್ತಿತ್ತು, ಎಲ್ಲ ಎಂದಿನಷ್ಟೇ ಚೆನ್ನಾಗಿತ್ತು. ಇದನ್ನು ಇನ್ನು ಸ್ಕೂಟರಿನ ಸದ್ದಿನಲ್ಲಿ ನೋಡಬೇಕಲ್ಲ ಎಂದು ಅಳು ಬಂತು.

ಮನೆಯ ಮೆಟ್ಟಿಲ ಮೇಲೆ ಕೂತು ಬೂಟು, ಕಾಲುಚೀಲ ಬಿಚ್ಚಿದೆ. ಅತ್ತೆ ಅರಿಸಿನದ ಬಟ್ಟಲು ಹಿಡಿದು ಅಲ್ಲೇ ಇದ್ದರು. ನನ್ನ ಬೆರಳು ನೋಡಿ ಬಟ್ಟಲು ಕೆಳಗಿಟ್ಟು, ಹೆಬ್ಬೆರಳಿನಿಂದ ಒಂದು ಬೆರಳನ್ನು ಒತ್ತಿದರು. ಬೆಳ್ಳನೆಯ ಚರ್ಮದ ಮೇಲೆ ಅರಿಸಿನದ ಗುರುತು ಉಳಿಯಿತು. ಒತ್ತಿದ್ದು ನನಗೆ ತಿಳಿಯಲಿಲ್ಲ.

"ಗೊತ್ತಾಯ್ತದಾ?"

"ಇಲ್ಲ ಅತ್ತೆ."

ಅವರು ಬಟ್ಟಲು ಎತ್ತಿಕೊಂಡು ಹೊಸಿಲಿನ ಕಡೆ ತಿರುಗಿದರು. ಸಂಜೆ ಗಂಡನಿಗೆ ಸೈಕಲ್ ಮಾರಲು ಯಾರನ್ನಾದರೂ ನೋಡಿ ಎಂದೆ. ನಾಳೆ ಒಂದು ದಿನ, ಕೊನೆಯದಾಗಿ, ಸೈಕಲ್ ತಳ್ಳಿಕೊಂಡಾದರೂ ಹೋಗಿಬರುತ್ತೇನೆ ಎಂದುಕೊಂಡೆ.

ಬೆಳಗ್ಗೆ ಸ್ಟ್ಯಾಂಡಿನಲ್ಲಿ ಬೂಟು ಇರಲಿಲ್ಲ. ಗಂಡ ಎಲ್ಲಾದರೂ ಬಚ್ಚಿಟ್ಟರೇ ಎಂದು ಸಿಟ್ಟು ನೆತ್ತಿಗೇರಿತು. ಟಾರ್ಚು ಹಿಡಿದು ಮನೆ ಸುತ್ತು ಹಾಕಿದೆ. ಹಿತ್ತಲ ಬಚ್ಚಲಿನಿಂದ ಕೆಂಪು ಬೆಳಕು, ತೆಂಗಿನ ಗರಿಯ ಹೊಗೆ. ಹೊಸ ಮನೆ ಕಟ್ಟಿಸುವಾಗಲೂ ಅತ್ತೆ ಕೆಡವಲು ಬಿಡದ ಬಚ್ಚಲು ಅದು, ನೀರು ಕಾಯಿಸಲು ಒಳಗೆ ಈಗಲೂ ಸೌದೆ ಒಲೆ, ತಾಮ್ರದ ಹಂಡೆ. ಒಲೆಯ ಪಕ್ಕದಲ್ಲಿ ಎರಡು ಇಟ್ಟಿಗೆಯ ಮೇಲೆ ನನ್ನ ಒಂದು ಬೂಟು. ಇನ್ನೊಂದು ಅತ್ತೆಯ ತೊಡೆಯ ಮೇಲೆ. ಅದರೊಳಗೆ ಮಣಿಕಟ್ಟಿನವರೆಗೆ ಅವರ ಕೈ.

"ಅತ್ತೆ, ಮುಟ್ಟಬೇಡಿ, ಕೊಡಿ..."

"ಬಚ್ಲು ಮನೆವೊಳಗಲ್ಲ ಬಿಡು" ಎಂದರು ತಲೆಯೆತ್ತದೆ. ಮಗುವಿನ ಸ್ನಾನದ ನೀರಿನ ಹದ ನೋಡುವವರಂತೆ ಒಳಗೆಲ್ಲ ಕೈಯಾಡಿಸಿ ನನ್ನತ್ತ ಚಾಚಿದರು. "ನೋಡು, ಇಷ್ಟು ಬೆಚ್ಗಾದ್ರೆ ಸಾಕಾ?"

ಹಾಕಿಕೊಂಡೆ. ಬೆಂಕಿಯ ಬಿಸಿ ಬೆರಳ ಸಂದಿಗೆಲ್ಲ ಇಳಿಯಿತು. ಆಗಲೇ ನಾನು ಗಮನಿಸಿದ್ದು. ಅವರ ಕೂದಲು ಒಣಗಿತ್ತು. ನಿನ್ನೆಯ ಸೀರೆ ಮೈಮೇಲೆ ಹಾಗೇ ಇತ್ತು. ನಾನು ಈ ಮನೆಗೆ ಬಂದ ಮೇಲೆ ಜ್ವರ ಬಂದ ದಿನವೂ ಮೀಯದೆ ಯಾವುದನ್ನೂ ಮುಟ್ಟದ ಹೆಂಗಸು, ನನ್ನ ಎಕ್ಕಡ ಮುಟ್ಟಬೇಕೆಂದು ಸ್ನಾನವನ್ನೇ ಮುಂದಕ್ಕೆ ಹಾಕಿಕೊಂಡು ಕೂತಿದ್ದರು. ನಾನು ಇಟ್ಟಿಗೆಯ ಮೇಲಿನ ಇನ್ನೊಂದು ಬೂಟನ್ನೂ ಹಾಕಿಕೊಂಡು ನಿಧಾನಕ್ಕೆ ಜಿಪ್ಪು ಎಳೆದೆ.

"ಓಗವ್ವ, ಒತ್ತಾಯ್ತು" ಎಂದರು ಒಲೆಗೆ ಗರಿ ನೂಕುತ್ತ. "ನೀನ್ ಒಂಟ್ಮೇಲೆ ನಾನು ಮೀಬೇಕು, ನೀರು ಆರೋಯ್ತದೆ."

ಅಂದು ಲ್ಯಾಬಿನಲ್ಲಿ ಬೂಟು ಬಿಚ್ಚಿದಾಗ ಹತ್ತೂ ಬೆರಳು ಮೈಬಣ್ಣದಲ್ಲೇ ಇದ್ದವು. ಸೈಕಲ್ ಮಾರಲಿಲ್ಲ. ಚಳಿ ಶುರುವಾದರೆ ಈಗಲೂ ಅತ್ತೆ ಮೀಯುವುದು ನಾನು ಹೊರಟ ಮೇಲೆಯೇ.