ಮೊದಲು ಅವರ ಮಾತು

ತಿರುಗುಬಾಣ ಮೇಡಂ ಕ್ಲಾಸಿಗೆ ಕಾಲಿಟ್ಟರೆ ಫ್ಯಾನು ಕೂಡ ಮೆತ್ತಗೆ ತಿರುಗುತ್ತದೆ ಎಂಬುದು ನಮ್ಮ ವಿಶ್ವವಿದ್ಯಾಲಯದ ಹಳೇ ಜೋಕು. ಅವರು ಪಾಠ ಮಾಡುವುದು ಅರ್ಥಶಾಸ್ತ್ರ, ಆದರೆ ಹೆಸರು ಹಬ್ಬಿದ್ದು ಶನಿವಾರದ ಚರ್ಚಾಕೂಟದಿಂದ. ಮೇಲಿನ ಮಹಡಿಯ ಮೂಲೆ ರೂಮು, ಒಂದು ಕಿಟಕಿಗೆ ಗಾಜಿಲ್ಲ, ಬೆಂಚಿನ ತುಂಬ ಹಳೇ ಬ್ಯಾಚುಗಳು ಕೈವಾರದಲ್ಲಿ ಕೆತ್ತಿದ ಹೆಸರುಗಳು. ಅಲ್ಲಿ ಇದ್ದದ್ದು ಒಂದೇ ಕಾನೂನು. ಯಾರನ್ನು ವಿರೋಧಿಸಬೇಕೋ ಅವರ ಮಾತನ್ನು ಮೊದಲು ನೀನೇ ಹೇಳಬೇಕು. ಅವರು ಕೂತು ಕೇಳಿ, "ಹೌದಪ್ಪ, ನಾನು ಹೇಳಿದ್ದು ಇದನ್ನೇ" ಎಂದು ತಲೆಯಾಡಿಸಬೇಕು. ಅಲ್ಲಿಯವರೆಗೆ ನಿನ್ನ ವಾದಕ್ಕೆ ಬಾಯಿ ತೆರೆಯುವ ಹಾಗಿಲ್ಲ!

ಎಷ್ಟೋ ಹುಡುಗರು ಮೊದಲ ವಾರವೇ ಓಡಿಹೋಗುತ್ತಿದ್ದರು. ಉಳಿದವರು ಮಾತ್ರ ಎಲ್ಲಿ ಹೋದರೂ ಎದ್ದು ಕಾಣುತ್ತಿದ್ದರು.

ಈ ಕಾನೂನನ್ನು ಮೇಡಂ ಯಾವ ಪುಸ್ತಕದಿಂದಲೂ ತಂದದ್ದಲ್ಲ, ಅದು ಅವರಜ್ಜಿಯ ಕೊಡುಗೆ. ಚಿಕ್ಕವರಿದ್ದಾಗ ಮನೆಯಲ್ಲಿ ಅಪ್ಪನ ಮಾತೇ ಕೊನೆ ಮಾತು; ಮಗಳು ತುಟಿ ಬಿಚ್ಚಿದರೆ ಅದು "ಎದುರುತ್ತರ". ಬೇರೆ ಊರಿಗೆ ಹೋಗಿ ಎಂ.ಎ. ಓದುತ್ತೇನೆ ಎಂದಾಗ ಅಪ್ಪ ಆಗಲ್ಲ ಎಂದರು. ಇವರು ಅಳುತ್ತಾ ಅಡುಗೆಮನೆಗೆ ಓಡಿದರೆ, ಅಜ್ಜಿ ಪಾತ್ರೆ ಉಜ್ಜುತ್ತಲೇ ಕೇಳಿದ್ದು ಹೀಗೆ: "ಅಳೋದು ಆಮೇಲೆ. ಮೊದ್ಲು ನಿಮ್ಮಪ್ಪನಿಗೆ ಭಯ ಯಾತಕ್ಕೆ, ಅದನ್ನ ಹೇಳು."

"ಭಯನಾ? ಅಪ್ಪಂಗಾ?"

"ಮತ್ತೆ? ಕೂಗೋ ಗಂಡಸೆಲ್ಲ ಧೈರ್ಯವಂತ ಅಂದ್ಕೊಂಡಿದೀಯಾ, ಪೆದ್ದಿ!"

ಮರುದಿನ ಮಗಳು ಅಪ್ಪನ ಮುಂದೆ ನಿಂತು, ಅಪ್ಪ ಎಂದೂ ಬಾಯಿಬಿಟ್ಟು ಹೇಳದಿದ್ದ ಭಯಗಳನ್ನೆಲ್ಲ ಅಪ್ಪನ ಪರವಾಗಿ ತಾನೇ ಹೇಳಿದಳು. ಅಪ್ಪ ಓದುತ್ತಿದ್ದ ಪೇಪರನ್ನು ಮಡಚಿಟ್ಟು, "ಅಷ್ಟು ಗೊತ್ತಿದ್ರೆ ಹುಷಾರಾಗಿರ್ತೀಯ ಬಿಡು, ಹೋಗು" ಎಂದರು. ಆವತ್ತಿನಿಂದ ತಿರುಗುಬಾಣ ತಿರುಗುತ್ತಲೇ ಇದೆ.

ಆದರೆ ಹೊಸ ಡೀನ್ ಸಾಹೇಬರು ಅಪ್ಪ ಅಲ್ಲವಲ್ಲ! ಗ್ರಂಥಾಲಯವನ್ನು ಸಂಜೆಯೇ ಮುಚ್ಚುವ ಅವರ ಆಜ್ಞೆಯ ಬಗ್ಗೆ ಒಂದು ಶನಿವಾರ ಚರ್ಚೆಯಾಯಿತು, ಸೋಮವಾರ ಹುಡುಗರು ಅವರ ಬಾಗಿಲಲ್ಲೇ ನಿಂತು ಪ್ರಶ್ನೆ ಕೇಳಿದರು. ಸಾಹೇಬರ ಗಂಟಲಿಗೆ ಮುಳ್ಳು ಸಿಕ್ಕಿಕೊಂಡಿತು. ಹುಡುಗರ ಬಾಯಿಯಲ್ಲಿ ಮಾತಾಡುವವಳು ಮೇಡಮ್ಮೇ ಎಂದು ದೂರಿ, ಚರ್ಚಾಕೂಟವನ್ನೇ ನಿಲ್ಲಿಸಬೇಕೆಂದು ವಿಶ್ವವಿದ್ಯಾಲಯದ ಸಮಿತಿಯ ಮುಂದೆ ಪ್ರಸ್ತಾಪ ಇಟ್ಟರು. ಸಭೆಯಲ್ಲಿ ವಿದ್ಯಾರ್ಥಿಗಳ ಕಡೆಯಿಂದ ಒಬ್ಬರು ಮಾತ್ರ ಮಾತಾಡಬಹುದು, ಮೇಡಂ ಕೂತಿರಬಹುದು, ಆದರೆ ಬಾಯಿ ತೆರೆಯಬಾರದು.

ಹುಡುಗರು ಆರಿಸಿದ್ದು ಮೆಣಸಿನಕಾಯಿಯನ್ನು. ಎರಡನೇ ವರ್ಷದ ಹುಡುಗಿ, ಕೋಪ ಮೂಗಿನ ತುದಿಯಲ್ಲೇ.

"ಬೇರೆ ಯಾರೂ ಸಿಗ್ಲಿಲ್ವಾ ನಿಮ್ಗೆ?" ಮೇಡಂ ಹಣೆ ಚಚ್ಚಿಕೊಂಡರು.

"ನೀವೇ ಹೇಳಿದ್ರಲ್ಲ ಮೇಡಂ, ಖಾರ ಇದ್ರೇನೇ ರುಚಿ ಅಂತ."

"ಅದು ಸಾರಿನ ವಿಷ್ಯ ಕಣಮ್ಮ!"

ಸಭೆಯಲ್ಲಿ ಉದ್ದನೆಯ ಮೇಜು, ಒಂದು ತುದಿಗೆ ಅಧ್ಯಕ್ಷರು. ನಿವೃತ್ತ ಇಂಜಿನಿಯರು, ಕಿವಿ ಸ್ವಲ್ಪ ಮಂದ. ಡೀನ್ ಪಕ್ಕದಲ್ಲೇ. ಮೇಡಂ ಗೋಡೆ ಬದಿಯ ಕುರ್ಚಿಯಲ್ಲಿ. ಮೆಣಸಿನಕಾಯಿ ಎದ್ದು ನಿಂತು ಶುರುಮಾಡಿದಳು: ಚರ್ಚಾಕೂಟ ಬಂದಮೇಲೆ ಪಾಠದ ನಡುವೆ ಪ್ರಶ್ನೆಗಳು ಹೆಚ್ಚಾಗಿ ಪೋರ್ಷನ್ ಮುಗಿಯುತ್ತಿಲ್ಲ, ತಂದೆತಾಯಿ ಫೋನ್ ಮಾಡಿ ಮಕ್ಕಳು ಮನೆಯಲ್ಲೂ ವಾದಿಸುತ್ತಾರೆ ಎಂದು ಗೋಳಾಡುತ್ತಾರೆ, ನಾಳೆ ಏನಾದರೂ ಗಲಾಟೆಯಾದರೆ ಜನ ಬೈಯುವುದು ಡೀನ್ ಒಬ್ಬರನ್ನೇ. ಒಂಟಿಯಾಗಿ ಅಷ್ಟು ದೊಡ್ಡ ಕುರ್ಚಿಯಲ್ಲಿ ಕೂರುವವರ ಕಷ್ಟ ಕೆಳಗಿನ ಬೆಂಚಿನವರಿಗೆ ಕಾಣುವುದಿಲ್ಲ! ಹೇಳುತ್ತ ಹೇಳುತ್ತ ಅವಳ ದನಿಯೇ ತೇವವಾಯಿತು. ಡೀನ್ ಕನ್ನಡಕ ತೆಗೆದು ಒರೆಸಿಕೊಂಡರು.

"ಶಭಾಷ್!" ಅಧ್ಯಕ್ಷರು ಕೈ ತಟ್ಟಿದರು. "ಹುಡುಗ್ರೇ ಒಪ್ಕೊಂಡ್ರಲ್ರೀ, ಇನ್ನೇನು! ನಿಲ್ಲಿಸೋದು ಅಂತ ಬರ್ಕೊಳ್ಳಿ. ಟೀ ತರ್ಸಿ."

ಎಡವಿದ್ದೆಲ್ಲಿ ಎಂದು ಮೇಡಂಗೆ ಆಗ ಗೊತ್ತಾಯಿತು. ಇವರಿಗೆ ನಮ್ಮ ಕಾನೂನು ಗೊತ್ತೇ ಇಲ್ಲ ಎಂದು ಹುಡುಗಿಗೂ ಹೊಳೆದಿಲ್ಲ, ತನಗೂ ಹೊಳೆದಿಲ್ಲ! ಇಷ್ಟು ವರ್ಷ ಕಲಿಸಿದ್ದೇ ಇವತ್ತು ಕೊರಳಿಗೆ ಬಿತ್ತು. ಕುರ್ಚಿಯ ಕೈ ಹಿಡಿದು ಅರ್ಧ ಎದ್ದರು. ಈಗ ಬಾಯಿ ತೆರೆದರೆ, ಹುಡುಗರ ಬಾಯಿಯಲ್ಲಿ ಮಾತಾಡುವವಳು ಇವಳೇ ಎನ್ನುವ ಡೀನ್ ಮಾತಿಗೆ ತಾವೇ ಸಾಕ್ಷಿ ಹೇಳಿದಂತೆ. ಹಲ್ಲು ಕಚ್ಚಿ ಕೂತರು. ಕೂರುವುದು ಅಷ್ಟು ಕಷ್ಟ ಎಂದು ಅವರಿಗೆ ಯಾವತ್ತೂ ಗೊತ್ತಿರಲಿಲ್ಲ.

"ಒಂದ್ನಿಮಿಷ ಸರ್," ಮೆಣಸಿನಕಾಯಿ ಎಂದಳು. "ಇಷ್ಟೊತ್ತು ಹೇಳಿದ್ದು ಡೀನ್ ಸರ್ ಮಾತು. ನಂದು ಇನ್ನೂ ಶುರುವೇ ಆಗಿಲ್ಲ. ಸರ್, ನಿಮ್ಮ ಮಾತಲ್ಲಿ ಏನಾದ್ರೂ ಬಿಟ್ಟೆನಾ?"

"ಇಲ್ಲಮ್ಮ," ಡೀನ್ ಪಾಪ ನಿಜ ಹೇಳಿಬಿಟ್ಟರು, "ನಾನೇ ಇಷ್ಟು ಚೆನ್ನಾಗಿ ಹೇಳ್ತಿರ್ಲಿಲ್ಲ."

"ಹಾಗಾದ್ರೆ ಈಗ ನಮ್ಮ ಮಾತು ನೀವು ಹೇಳಿ ಸರ್."

"ನಿಮ್ಮ ಮಾತೇನು, ನಿಮ್ಗೆ ಗಲಾಟೆ ಬೇಕು, ಅಷ್ಟೇ."

"ಅಲ್ಲ ಸರ್."

"ಗ್ರಂಥಾಲಯದ ನೆಪದಲ್ಲಿ ತಿರುಗಾಡ್ಬೇಕು."

"ಅಲ್ಲ ಸರ್. ಇನ್ನೊಂದ್ಸಲ ಪ್ರಯತ್ನ ಮಾಡಿ."

ಅಧ್ಯಕ್ಷರು ಕೈಯನ್ನು ಕಿವಿಗೆ ಹಿಡಿದು ಮುಂದೆ ಬಾಗಿದ್ದರು. "ಏನ್ರೀ ಡೀನ್, ಆ ಮಗು ನಿಮ್ಮ ಪಾಠ ಪೂರ್ತಿ ಒಪ್ಪಿಸ್ತು, ನಿಮ್ಗೆ ಒಂದು ವಾಕ್ಯ ಬರಲ್ವಾ? ಕೂಟ ಇರ್ಲಿ ಬಿಡಿ. ನೀವೂ ಹೋಗಿ ಕೂತ್ಕೊಳ್ಳಿ ಒಂದು ಶನಿವಾರ."

ಡೀನ್ ಹೋಗಿ ಕೂರುವ ಜಾಯಮಾನದವರೇ? ಕೂಟ ಉಳಿಯಿತು, ಆದರೆ ಅದನ್ನು ಮೇಡಂ ನಡೆಸಕೂಡದು ಎಂದು ಶುಕ್ರವಾರವೇ ಆಜ್ಞೆ ಬಂತು.

"ಬಿಟ್ಟುಬಿಡೇ, ನಿನ್ನ ಬಾಯೇ ನಿನಗೆ ಶತ್ರು," ಎಂದರು ಮನೆಯಲ್ಲಿ ಅಮ್ಮ.

"ನಡೆಸ್ಬಾರದು ಅಂದ್ರು. ಹೋಗ್ಬಾರದು ಅಂತ ಅಂದಿಲ್ವಲ್ಲ," ಎಂದು ಮೇಡಂ ಚಪ್ಪಲಿ ಮೆಟ್ಟಿಕೊಂಡರು.

ಶನಿವಾರ ರೂಮು ಕಿಕ್ಕಿರಿದಿತ್ತು, ಬಾಗಿಲಾಚೆಗೂ ತಲೆಗಳು. ಮೇಡಂ ಕೊನೇ ಬೆಂಚಿನಲ್ಲಿ ಹುಡುಗರ ನಡುವೆ ತೂರಿಕೊಂಡು ಕೂತರು. ಬೋರ್ಡಿನ ಮುಂದೆ ನಿಂತವಳು ಮೆಣಸಿನಕಾಯಿ. ಇವತ್ತಿನ ವಿಷಯ: ಮೇಡಂ ಅವರನ್ನು ತೆಗೆದುಹಾಕಿದ್ದು ಸರಿಯೇ?

"ಮೊದಲು ಡೀನ್ ಪರವಾಗಿ," ಅವಳು ಕಣ್ಣು ಹಾಯಿಸಿದಳು, "ಕೊನೇ ಬೆಂಚು, ಮೇಡಂ ನೀವು."

"ನಾನಾ? ಅದೊಂದು ಬಿಟ್ಟು ಏನು ಬೇಕಾದ್ರೂ ಕೇಳೇ!"

"ವಿರೋಧ ಇರೋರೇ ಮೊದ್ಲು ಮೇಡಂ."

ರೂಮಿಡೀ ಹೋ ಎಂದಿತು. ಮೇಡಂ ಸೆರಗು ಸಿಕ್ಕಿಸಿ ಎದ್ದು, ಡೀನ್ ಅವರ ಹಾಗೆಯೇ ಗಂಟಲು ಸರಿಮಾಡಿಕೊಂಡು, ಮೂಗಿನಿಂದ ಮಾತು ಶುರುಮಾಡಿದರು. ಹುಡುಗರು ಬಿದ್ದು ಬಿದ್ದು ನಕ್ಕರು. ಮೆಣಸಿನಕಾಯಿ ಮಾತ್ರ ನಗಲಿಲ್ಲ. ಡಸ್ಟರಿನಿಂದ ಮೇಜು ಕುಟ್ಟಿದಳು.

"ಇದು ಲೇವಡಿ ಮೇಡಂ, ನಡೆಯಲ್ಲ. ಸರಿಯಾಗಿ ಹೇಳಿ."

ತಿರುಗುಬಾಣ ಮೇಡಂ ಕೆಂಪಾದರು. ಆಮೇಲೆ ಅವರ ಮುಖದಲ್ಲಿ ಎಂಥದೋ ಖುಷಿ ಉಕ್ಕಿ ಬಂತು, ಅದನ್ನು ಮುಚ್ಚಿಕೊಳ್ಳಲು ಅವರಿಗೆ ಆಗಲೇ ಇಲ್ಲ. ನೆಟ್ಟಗೆ ನಿಂತು, ಉಸಿರೆಳೆದುಕೊಂಡು, ಮತ್ತೆ ಮೊದಲಿನಿಂದ ಶುರುಮಾಡಿದರು.