ಗದ್ದ ನಡುಗಿದರೆ ಒಪ್ಪಿಗೆಯಲ್ಲ

ದೇವದುರ್ಗದ ಹೈಸ್ಕೂಲಿನಲ್ಲಿ ನಾನು ವ್ಯಾಕರಣ ಹೇಳಿಕೊಡುತ್ತಿದ್ದರೆ ಗಬ್ಬೂರಿನ ಬಸ್ಸಿಗೆ ಕಾದು ನಿಂತವರಿಗೂ ಸಂಧಿ, ಸಮಾಸ ಕೇಳಿಸುತ್ತಿತ್ತು. ಕೂಲಿಯವರ ಮಗಳಿಗೆ ಇಷ್ಟು ದೊಡ್ಡ ಬಾಯಿ ಯಾಕೆ ಎಂದು ಹೆಡ್‌ಮಾಸ್ತರೊಬ್ಬರು ಗೊಣಗಿದ್ದರು. ಅವತ್ತಿನಿಂದ ದನಿ ಇನ್ನಷ್ಟು ಏರಿಸಿದೆ.

ಪಾರ್ಕಿನ್ಸನ್ ಬಂದು ಆ ದನಿಯನ್ನು ತಿಂದಿತು. ಕೈ ನಡುಗಿದರೆ ಜನ ಅಯ್ಯೋ ಅನ್ನುತ್ತಾರೆ. ದನಿ ಇಳಿದರೆ ಬುದ್ಧಿಯೂ ಇಳಿಯಿತು ಎಂದುಕೊಳ್ಳುತ್ತಾರೆ. ಅವರಲ್ಲಿ ಮೊದಲನೆಯವನು ನನ್ನ ಗಂಡ. ಅವನಿಗೆ ಬಹುವಚನ ಹಚ್ಚುವುದು ಬಿಟ್ಟು ಬಹಳ ದಿನವಾಯಿತು. ತಹಸೀಲ್ ಕಚೇರಿಯಲ್ಲಿ ಸಾಹೇಬರ ಮುಂದೆ "ಹೌದ್ರಿ" ಬಿಟ್ಟು ಬೇರೆ ಮಾತಾಡದೆ ನಿವೃತ್ತನಾದ ಗುಮಾಸ್ತ. ನನ್ನ ಬಾಯಿ ಸಣ್ಣದಾದ ಮೇಲೆ ಅವನಿಗೆ ಬಾಯಿ ಬಂತು. ರಾಯಚೂರಿನ ನಮ್ಮ ಮನೆಗೆ ಬಂದವರು "ಹ್ಯಾಂಗದೀರಿ ಟೀಚರ್?" ಅಂದರೆ, ನಾನು ಉಸಿರು ಕೂಡಿಸಿಕೊಳ್ಳುವಷ್ಟರಲ್ಲಿ ಅವನೇ "ಆರಾಮ ಅದಾಳ್ರಿ, ಮಾತು ತಿಳಿಯಂಗಿಲ್ಲ ಅಷ್ಟ" ಅನ್ನುತ್ತಿದ್ದ.

ಹೋದ ವರ್ಷ ಮಾನ್ವಿಯಲ್ಲಿ ನಾದಿನಿಯ ಹೊಸ ಮನೆಯ ಊಟ. ನುಂಗುವುದು ಆಗಲೇ ನನಗೆ ಕಷ್ಟವಾಗಿತ್ತು. ತುತ್ತು ಗಂಟಲಲ್ಲಿ ನಿಂತು ಯೋಚನೆ ಮಾಡುತ್ತದೆ. ಬಾಯಲ್ಲಿ ಅನ್ನ ಇರುವಾಗಲೇ ಎದುರಿಗಿದ್ದವಳು "ಪೆನ್ಷನ್ ಬರತದೇನ್ರಿ?" ಎಂದಳು. ಉತ್ತರ ಕೊಡಲು ಹೋದೆ. ಅನ್ನ ಅಡ್ಡದಾರಿ ಹಿಡಿಯಿತು. ಕೆಮ್ಮು, ಕಣ್ಣೀರು. ಒಬ್ಬಳು ಬೆನ್ನಿಗೆ ಗುದ್ದಿದಳು, ಇನ್ನೊಬ್ಬಳು ಕೆಮ್ಮುವ ಬಾಯಿಗೇ ನೀರು ಸುರಿದಳು. ಬದುಕಿದ್ದು ಅವರ ಉಪಕಾರದಿಂದ ಅಲ್ಲ, ಅವರ ಉಪಕಾರ ದಾಟಿಕೊಂಡು.

ಆಮೇಲೆ ನನ್ನೆದುರೇ ಪಂಚಾಯಿತಿ ಸೇರಿತು. ಮಾತ್ರೆಗಳಿಂದ ನನ್ನ ಬಾಯಿ ಒಣಗುತ್ತಿತ್ತು, ನಡುಗುವ ಕೈಯಲ್ಲಿ ಬ್ರಷ್ ನಿಲ್ಲುತ್ತಿರಲಿಲ್ಲ, ಹಲ್ಲು ಹುಳುಕಾಗಿದ್ದವು ನಿಜ. ದವಡೆಯ ಒಂದು ಹಲ್ಲು ನೋಯುತ್ತಲೂ ಇತ್ತು. ನಾದಿನಿ ತೀರ್ಪು ಕೊಟ್ಟಳು: "ಹಲ್ಲಿಂದನ ಆಗಿದ್ದಿದು. ಎಲ್ಲಾ ಕೀಳಸಿ ಗಂಜಿ ಕುಡಸು, ಅಣ್ಣಾ." ನನ್ನ ಗಂಡ ತಲೆಯಾಡಿಸಿದ.

ಮರುವಾರ ರಾಯಚೂರಿನ ಒಬ್ಬ ಹಲ್ಲಿನ ಡಾಕ್ಟರ ಕುರ್ಚಿಯಲ್ಲಿ ನನ್ನನ್ನು ಮಲಗಿಸಿದರು. ಕುರ್ಚಿ ಪೂರ್ತಿ ಹಿಂದಕ್ಕೆ ಬಾಗಿತು, ಜೊಲ್ಲೆಲ್ಲ ಗಂಟಲಿಗೆ ಇಳಿಯಿತು. ಡಾಕ್ಟರು ಒಮ್ಮೆಯೂ ನನ್ನ ಕಣ್ಣಲ್ಲಿ ಕಣ್ಣಿಟ್ಟು ನೋಡಲಿಲ್ಲ. ನನ್ನ ಹಲ್ಲಿನ ಸಂಗತಿ ನನ್ನ ಗಂಡನ ಜೊತೆ ನಡೆಯಿತು.

"ಅಜ್ಜಿಗೆ ಎಲ್ಲಾ ತಗದು ಕಟ್ಟಿದ ಹಲ್ಲಿನ ಸೆಟ್ ಹಾಕಿಬಿಡೂಣ್ರಿ. ತಿಕ್ಕೋ ರಗಳಿನೂ ಇರಂಗಿಲ್ಲ."

ಬೇಡ ಎಂದೆ. ಗಾಳಿ ಮಾತ್ರ ಬಂತು. ಬಾಯಿ ತೆರೆದಿದ್ದಕ್ಕೆ ಗದ್ದ ಮೇಲೆ ಕೆಳಗೆ ನಡುಗತೊಡಗಿತು.

"ನೋಡ್ರಿ, ಅಜ್ಜಿನೂ ಹೂಂ ಅನ್ನಾಕತ್ತಾರ!" ಡಾಕ್ಟರು ನಕ್ಕರು.

"ಹೌದ್ರಿ," ಎಂದ ನನ್ನ ಗಂಡ.

ಸೂಜಿ ಹತ್ತಿರ ಬಂತು. ಹಿಂದೆ ನನಗೆ ಮಾತಿನ ಚಿಕಿತ್ಸೆ ಕೊಟ್ಟಿದ್ದ ಹುಡುಗಿಯೊಬ್ಬಳು, "ಟೀಚರ್, ಮಾತಾಡಬ್ಯಾಡ್ರಿ, ಒದರ್ರಿ. ರಸ್ತಾದ ಆಕಡಿ ಇದ್ದವ್ರನ್ನ ಕರದಂಗ" ಎಂದು ತಿಂಗಳುಗಟ್ಟಲೆ ನನ್ನಿಂದ ಕೂಗಿಸಿದ್ದಳು. ಡಾಕ್ಟರ ಕೋಟು ಹಿಡಿದೆ, ಹೊಟ್ಟೆತುಂಬ ಉಸಿರು ಎಳೆದೆ.

"ಬ್ಯಾಡ!"

ಹೊರಗೆ ಕೂತವರು ಎದ್ದು ಬಾಗಿಲಲ್ಲಿ ಇಣುಕಿದರು. ಡಾಕ್ಟರು ಸೂಜಿ ಹಿಡಿದು ಹಿಂದೆ ಸರಿದರು. "ಹಲ್ಲು ನನ್ನವು," ಎಂದೆ, ಒಂದೊಂದೇ ಪದ ನೂಕುತ್ತ. "ನನ್ನನ್ನ... ಕೇಳ್ರಿ." ಜೊಲ್ಲು ಸೀರೆಯ ಮೇಲೆ ಬಿತ್ತು. ಬೀಳಲಿ ಎಂದು ಎದ್ದು ಬಂದೆ. ದಾರಿಯುದ್ದಕ್ಕೂ ಆಟೋದಲ್ಲಿ ಗಂಡ, "ಡಾಕ್ಟರು ಏನ ತಿಳಕೊಂಡಿರಬೇಕು" ಎಂದು ಕೊರಗಿದ. ನಾನು ಏನು ತಿಳಿದುಕೊಂಡೆ ಎಂಬ ಚಿಂತೆ ಅವನಿಗಿರಲಿಲ್ಲ.

ಇನ್ನೊಬ್ಬ ಡಾಕ್ಟರನ್ನು ನಾನೇ ಹುಡುಕಿಕೊಂಡೆ. ಆಕೆ, ನನ್ನ ಮಾತ್ರೆ ಕೆಲಸ ಮಾಡಿ ಕೈ ಬಾಯಿ ಹಗುರಾಗಿರುವ ಹೊತ್ತಿಗೆ ಬರಲು ಹೇಳಿದರು, ಕುರ್ಚಿಯನ್ನು ಎತ್ತರಕ್ಕೆ ಇಟ್ಟರು, ನೋಯುವ ಹಲ್ಲೊಂದನ್ನೇ ಕಿತ್ತರು, ಉಳಿದವಕ್ಕೆ ಸಿಮೆಂಟು ತುಂಬಿದರು. "ಸೆಟ್ಟು ನಿಲ್ಲಬೇಕಂದ್ರ ನಾಲಿಗಿ, ಗಲ್ಲ ಹಿಡೀಬೇಕ್ರಿ. ನಿಮಗ ಅದ ತ್ರಾಸು. ಇರೋ ಹಲ್ಲು ಉಳಿಸ್ಕೋರಿ" ಎಂದರು. ದೇವತೆಯೇನಲ್ಲ, ನನ್ನನ್ನು ಕೇಳಿ, ಉತ್ತರ ಬರುವತನಕ ಕಾದರು, ಅಷ್ಟೆ. ಇಷ್ಟು ಮರ್ಯಾದೆಗೆ ಊರೆಲ್ಲ ಅಲೆಯಬೇಕಾಯಿತು.

ಗಂಡ ಈಗ ನನ್ನ ಬ್ರಷ್ಷಿನ ಹಿಡಿಗೆ ಬಟ್ಟೆ ಸುತ್ತಿ ದಪ್ಪ ಮಾಡಿಕೊಡುತ್ತಾನೆ. ಬಂದವರಿಗೆ ಉತ್ತರ ಕೊಡಲು ಬಾಯಿ ತೆರೆಯುತ್ತಾನೆ, ನನ್ನ ಮುಖ ನೋಡಿ ಮುಚ್ಚುತ್ತಾನೆ. ಊಟಕ್ಕೆ ಕೂತಾಗ ಟಿವಿ ಬಂದ್. ಬೇಳೆಯಲ್ಲಿ ನೆನೆಸಿದ ರೊಟ್ಟಿಯನ್ನು ಗದ್ದ ಎದೆಗೆ ಬಾಗಿಸಿ ಸಣ್ಣ ಸಣ್ಣ ತುತ್ತಾಗಿ ನುಂಗುತ್ತೇನೆ. ನಡುವೆ ಅವನ ಯಾವುದೋ ದಡ್ಡತನ ಕಂಡು ಬೈಯಲು ಹೊರಟರೆ ಕೈ ಅಡ್ಡ ಹಿಡಿಯುತ್ತಾನೆ.

"ಮದ್ಲ ನುಂಗು. ಆಮ್ಯಾಲ ಬೈಯಿ."

ಅವನು ಹೇಳುವುದು ಸರಿ. ಅದಕ್ಕೇ ಇನ್ನಷ್ಟು ಸಿಟ್ಟು ಬರುತ್ತದೆ.